ಎಣ್ಣೆಯೊಳಗಿನ ಡೊಂಕು

ಪುಷ್ಯದ ಚಳಿಗೆ ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ. ಅದೇ ಕಪಾಟಿನ ಶೇಂಗಾ ಎಣ್ಣೆ ಹಾಯಾಗಿ ಹರಿಯುತ್ತದೆ. ಎರಡರಲ್ಲೂ ಇರುವುದು ಅದೇ ಇಂಗಾಲ, ಅದೇ ಜಲಜನಕ, ಅದೇ ಆಮ್ಲಜನಕ. ಗುಟ್ಟು ಇರುವುದು ಅಣುವಿನ ಮೈಕಟ್ಟಿನಲ್ಲಿ. ಆ ಮೈಕಟ್ಟಿನ ಜಾಡು ಹಿಡಿದು ಹೋದರೆ ಡಾಲ್ಡಾ ಡಬ್ಬಿ, ಮುರುಗಲ ತುಪ್ಪ, ಚಾಕೊಲೇಟು, ಕ್ರಿಕೆಟ್ ಬ್ಯಾಟು ಎಲ್ಲವೂ ಸಿಗುತ್ತವೆ.

ಬೆಳಗಿನ ಆರು ಗಂಟೆ. ಮಲೆನಾಡಿನ ನಮ್ಮ ಹಳೆ ಮನೆಯ ಬಚ್ಚಲಲ್ಲಿ ಹಂಡೆಯ ನೀರು ಈಗಷ್ಟೇ ಗುಂಯ್‌ಗುಡಲು ಶುರುಮಾಡಿದೆ. ಒಲೆಯ ಬಾಯಲ್ಲಿ ಅಡಿಕೆ ಸಿಪ್ಪೆ ಹೊಗೆಯಾಡುತ್ತಿದೆ. ಅಜ್ಜಿಯ ಕೈಯಲ್ಲಿ ಎಣ್ಣೆ ಬಾಟಲಿ. ತಲೆಕೆಳಗು ಹಿಡಿದು ತಳಕ್ಕೆ ಅಂಗೈಯಿಂದ ಬಡಿದರೂ ಒಂದು ಹನಿ ಬೀಳುವುದಿಲ್ಲ. ನಿನ್ನೆ ಮಧ್ಯಾಹ್ನ ನೀರಿನಂತೆ ತಿಳಿಯಾಗಿದ್ದದ್ದು ರಾತ್ರಿ ಕಳೆಯುವುದರೊಳಗೆ ಮೇಣದ ಹಾಗೆ ಬೆಳ್ಳಗೆ ಕೂತಿದೆ.

"ಎಣ್ಣೆಗೂ ಚಳಿ ಹಿಡಿದಿದೆ ಮಗಾ, ಒಲೆಕಟ್ಟೆ ಮೇಲೆ ಇಡು," ಎನ್ನುತ್ತಿದ್ದರು ಅಜ್ಜಿ.

ಇಟ್ಟು, ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುವುದು ನನ್ನ ಕೆಲಸ. ಗಟ್ಟಿಯಾದ ಎಣ್ಣೆಯ ಮೇಲ್ಮೈ ನಡುವೆ ಒಂದು ಗುಳಿ ಬಿದ್ದಿರುತ್ತಿತ್ತು, ಯಾರೋ ಹೆಬ್ಬೆರಳು ಒತ್ತಿದ ಹಾಗೆ. ಕರಗುವುದು ಗಾಜಿನ ಅಂಚಿನಿಂದ ಶುರು. ಮೊದಲು ಸುತ್ತ ಒಂದು ತೆಳು ತಿಳಿ ಪದರ, ಆಮೇಲೆ ನಡುವಿನ ಬಿಳಿ ಗಟ್ಟಿ ಗೋಡೆ ಬಿಟ್ಟು ಬಿಡಿಯಾಗುವುದು. ಬಿಡಿಯಾದದ್ದು ಮಂಜುಗಡ್ಡೆಯ ಹಾಗೆ ತೇಲುತ್ತಿರಲಿಲ್ಲ. ಮೆಲ್ಲಗೆ ತಳಕ್ಕೆ ಇಳಿದು ಕೂರುತ್ತಿತ್ತು.

ಆ ಗುಳಿ, ಆ ಮುಳುಗುವಿಕೆ ಎರಡೂ ಒಂದೇ ಮಾತು ಹೇಳುತ್ತಿದ್ದವು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಈ ಜನವರಿಯಲ್ಲಿ ಅದು ಮತ್ತೆ ನೆನಪಾದದ್ದು ಬೆಂಗಳೂರಿನ ಚಿಕ್ಕಮ್ಮನ ಫೋನಿನಿಂದ. "ಪಕ್ಕದ ಮನೆಯವರ ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ ಕಣೋ, ನಮ್ಮದು ಆಗಿಲ್ಲ. ಕಲಬೆರಕೆ ಇರಬಹುದಾ?" ಪ್ರತಿ ಚಳಿಗಾಲದಲ್ಲೂ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಉತ್ತರ ಹೇಳಲು ಹೊರಟರೆ ಅಣುವಿನ ಒಳಗೇ ಹೋಗಬೇಕು.

ಕಟ್ಟಿಗೆ ಒಟ್ಟಿದ ಹಾಗೆ

ಯಾವುದೇ ಅಡುಗೆ ಎಣ್ಣೆಯನ್ನು ಬಿಡಿಸಿ ನೋಡಿ, ಸಿಗುವುದು ಮೂರೇ ಮೂಲವಸ್ತು. ಅಣುವಿನ ಕಟ್ಟಡವೂ ಹೆಚ್ಚುಕಡಿಮೆ ಒಂದೇ. ಗ್ಲಿಸರಾಲ್ ಎಂಬ ಗಿಡ್ಡ ಹಿಡಿಕೆ. ಅದಕ್ಕೆ ಬಾಚಣಿಗೆಯ ಹಲ್ಲಿನಂತೆ ಅಂಟಿಕೊಂಡ ಮೂರು ಉದ್ದ ಸರಪಳಿಗಳು. ಈ ಸರಪಳಿಗಳೇ ಕೊಬ್ಬಿನಾಮ್ಲಗಳು: ಇಂಗಾಲದ ಪರಮಾಣುಗಳು ಸಾಲಾಗಿ ನಿಂತು, ಅಕ್ಕಪಕ್ಕದಲ್ಲಿ ಜಲಜನಕವನ್ನು ಹೊತ್ತ ಸರಪಳಿ.

ಈ ಲೆಕ್ಕವನ್ನು ಮೊದಲು ಬಿಡಿಸಿದವನು ಫ್ರಾನ್ಸಿನ ಮಿಶೆಲ್ ಯೂಜೀನ್ ಷೆವ್ರಲ್. 1811ರ ಸುಮಾರಿಗೆ ಸಾಬೂನಿನ ತುಂಡೊಂದರಿಂದ ಶುರುವಾದ ಅವನ ಕೆಲಸ 1823ರಲ್ಲಿ ಪುಸ್ತಕವಾಗಿ ಬಂತು. ಸ್ಟಿಯರಿಕ್, ಒಲಿಯಿಕ್ ಮುಂತಾದ ಹೆಸರುಗಳು ಅವನ ಕಾಲದ ಬಳುವಳಿ. ಗಟ್ಟಿ ಸ್ಟಿಯರಿಕ್ ಆಮ್ಲದಿಂದ ಹೊಗೆ ಕಡಿಮೆಯಾದ ಮೇಣದಬತ್ತಿ ಮಾಡಬಹುದು ಎಂದೂ ತೋರಿಸಿದ. 102 ವರ್ಷ ಬದುಕಿದ ಮಹಾನುಭಾವ. ಆದರೆ ಅವನಿಗೆ ಪರಮಾಣುಗಳನ್ನು ಎಣಿಸಲು ಸಾಧ್ಯವಾಗಿತ್ತೇ ಹೊರತು ಅವು ನಿಂತ ಭಂಗಿ ಕಾಣುತ್ತಿರಲಿಲ್ಲ. ನಮ್ಮ ಕಥೆ ಇರುವುದು ಆ ಭಂಗಿಯಲ್ಲಿ.

ನಮ್ಮ ಬಚ್ಚಲ ಹಿಂದೆ ಕಟ್ಟಿಗೆ ಒಟ್ಟುವ ಜಾಗವಿತ್ತು. ಸೀಳಿದ ನೇರ ಕಟ್ಟಿಗೆಯನ್ನು ಒಟ್ಟಿದರೆ ಒಂದಕ್ಕೊಂದು ಮೈಗೆ ಮೈ ತಾಗಿ ಕೂರುತ್ತದೆ, ಒಟ್ಟಲು ಅಲುಗಾಡುವುದಿಲ್ಲ. ಡೊಂಕು ಕೊಂಬೆಗಳನ್ನು ಒಟ್ಟಿ ನೋಡಿ. ನಡುನಡುವೆ ಸಂದು, ಒಂದನ್ನು ಎಳೆದರೆ ಹತ್ತು ಜಾರುತ್ತವೆ.

ಕೊಬ್ಬರಿ ಎಣ್ಣೆಯ ಸರಪಳಿಗಳಲ್ಲಿ ನೂರಕ್ಕೆ ಸುಮಾರು 90 ಭಾಗ ನೇರ ಕಟ್ಟಿಗೆಯ ಜಾತಿ. ಅವುಗಳಲ್ಲಿ ಮುಖ್ಯವಾದದ್ದು 12 ಇಂಗಾಲದ ಲಾರಿಕ್ ಆಮ್ಲ. ಶೇಂಗಾ ಎಣ್ಣೆಯಲ್ಲಿ ಹೆಚ್ಚಿನವು ಡೊಂಕು ಕೊಂಬೆಗಳು. ಚಳಿ ಬಿದ್ದಾಗ ನೇರವಾದವು ಒಂದರ ಪಕ್ಕ ಒಂದು ಸೇರಿ ಹರಳುಗಟ್ಟುತ್ತವೆ. ಡೊಂಕಾದವಕ್ಕೆ ಸೇರಲು ಆಗದು, ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ.

ಗುಳಿ ಬಿದ್ದದ್ದು ಯಾಕೆಂದು ಈಗ ಹೇಳಬಹುದು. ಒತ್ತೊತ್ತಾಗಿ ಕೂತ ಅಣುಗಳಿಗೆ ಕಡಿಮೆ ಜಾಗ ಸಾಕು. ಅಂಚು ಮೊದಲು ಗಟ್ಟಿಯಾಗಿ, ಕೊನೆಗೆ ನಡುಭಾಗ ಕುಗ್ಗಿ ಕುಸಿಯುತ್ತದೆ. ಕುಗ್ಗಿದ್ದು ಭಾರ, ಆದ್ದರಿಂದ ಗಟ್ಟಿ ಎಣ್ಣೆ ಕರಗಿದ ಎಣ್ಣೆಯಲ್ಲಿ ಮುಳುಗುತ್ತದೆ. ನೀರಿನದು ಇದಕ್ಕೆ ವಿರುದ್ಧ. ನೀರಿನ ಅಣುಗಳು ಜಲಜನಕ ಬಂಧದಿಂದ ಒಂದನ್ನೊಂದು ನಿರ್ದಿಷ್ಟ ಕೋನದಲ್ಲೇ ಹಿಡಿಯಬೇಕು. ಹಾಗಾಗಿ ಮಂಜುಗಡ್ಡೆಯ ಒಳಗೆ ಟೊಳ್ಳು ಹೆಚ್ಚು, ಅದು ತೇಲುತ್ತದೆ. ಒಂದೇ ಚಳಿ, ಎರಡು ದ್ರವ, ಎರಡು ತೀರ್ಮಾನ.

ಹಲ್ಲಿಯನ್ನು ಗೋಡೆಗೆ ಹಿಡಿದ ಬಲ

ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಶಾಲೆಯಲ್ಲಿ ರಾಸಾಯನಿಕ ಬಂಧ ಎಂದು ಕಲಿತದ್ದನ್ನು ನಾವು ಒಂದೇ ಬಗೆಯ ಗಂಟು ಎಂದುಕೊಳ್ಳುತ್ತೇವೆ. ಎಣ್ಣೆಯಲ್ಲಿ ಎರಡು ಬೇರೆ ಬೇರೆ ನಂಟುಗಳಿವೆ.

ಸರಪಳಿಯೊಳಗೆ ಇಂಗಾಲ ಇಂಗಾಲವನ್ನು ಹಿಡಿದಿರುವುದು ಎಲೆಕ್ಟ್ರಾನುಗಳ ಪಾಲುದಾರಿಕೆಯಿಂದ. ಅದು ಸಹವೇಲೆನ್ಸೀಯ ಬಂಧ, ಬಹಳ ಗಟ್ಟಿ. ಒಂದು ಅಣು ಪಕ್ಕದ ಅಣುವನ್ನು ಸೆಳೆಯುವ ಬಲ ಬೇರೆಯೇ. ಅದಕ್ಕೆ ವಾನ್ ಡರ್ ವಾಲ್ಸ್ ಬಲ ಎಂದು ಹೆಸರು. ಒಂದು ಜಾಗದಲ್ಲಿ ತೀರಾ ದುರ್ಬಲ, ಆದರೆ ಮೈಯುದ್ದಕ್ಕೂ ತಾಗಿದರೆ ಕೂಡಿ ಕೂಡಿ ದೊಡ್ಡದಾಗುತ್ತದೆ. ಹಲ್ಲಿ ಗೋಡೆಗೆ, ಗಾಜಿಗೆ ಅಂಟಿ ನಿಲ್ಲುವುದು ಮುಖ್ಯವಾಗಿ ಇದೇ ಬಲದಿಂದ. ಟೊಕೆ ಎಂಬ ದೊಡ್ಡ ಹಲ್ಲಿಯ ಪಾದದ ಮೇಲೆ 2002ರಲ್ಲಿ ಪ್ರಕಟವಾದ ಪ್ರಯೋಗಗಳು ಇದನ್ನು ತೋರಿಸಿದವು. ಪಾದದಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಕೂದಲು, ಒಂದೊಂದರ ಹಿಡಿತ ಕಣದಷ್ಟು. ಎಲ್ಲ ಸೇರಿ ಇಡೀ ಹಲ್ಲಿಯ ಭಾರ ಹೊರುತ್ತವೆ.

ಒಲೆಕಟ್ಟೆಯ ಮೇಲೆ ಎಣ್ಣೆ ಕರಗುವಾಗ ಬಿಡಿಸಿಕೊಳ್ಳುವುದು ಈ ಎರಡನೆಯ, ದುರ್ಬಲ ನಂಟು ಮಾತ್ರ. ಅಣುಗಳು ಇಡಿಯಾಗಿಯೇ ಇರುತ್ತವೆ. ಆದ್ದರಿಂದ ಕೊಬ್ಬರಿ ಎಣ್ಣೆಯನ್ನು ಹತ್ತು ಸಲ ಕರಗಿಸಿ ಹತ್ತು ಸಲ ಗಟ್ಟಿ ಮಾಡಿದರೂ ಅದರ ಗುಣ ಕೆಡುವುದಿಲ್ಲ. ಅದೇ ಎಣ್ಣೆಯನ್ನು ದೇವರ ಮುಂದೆ ದೀಪಕ್ಕೆ ಹಾಕಿ. ಬತ್ತಿಯ ತುದಿಯಲ್ಲಿ ಸರಪಳಿಯೇ ಹರಿದು, ಇಂಗಾಲ ಆಮ್ಲಜನಕದ ಜೊತೆ ಹೊಸ ಸಂಸಾರ ಹೂಡುತ್ತದೆ. ಅಲ್ಲಿಂದ ಎಣ್ಣೆ ಹಿಂದಿರುಗಿ ಬರುವುದಿಲ್ಲ.

ಮೈಯುದ್ದಕ್ಕೂ ತಾಗಬೇಕು ಎಂದೆನಲ್ಲ, ಉದ್ದ ಕಡಿಮೆಯಾದರೆ ಹಿಡಿತವೂ ಕಡಿಮೆ. 18 ಇಂಗಾಲದ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಬೇಕು, 12 ಇಂಗಾಲದ ಲಾರಿಕ್‌ಗೆ 44 ಸಾಕು. ಕೊಬ್ಬರಿ ಎಣ್ಣೆಯ ಕಟ್ಟಿಗೆಗಳು ನೇರ, ಆದರೆ ಗಿಡ್ಡ. ಮೇಲಾಗಿ ಬೇರೆ ಬೇರೆ ಅಳತೆಯವು ಬೆರೆತಿವೆ. ಹೀಗಾಗಿ ಅದು ಸುಮಾರು 24 ಡಿಗ್ರಿಯಲ್ಲಿ, ನಮ್ಮ ಹವೆಯ ನಟ್ಟನಡುವೆ, ಆ ಕಡೆಯೂ ಈ ಕಡೆಯೂ ಜಾರುವ ಹಾಗೆ ನಿಂತಿದೆ.

ಬಾಕ್ಸ್: ಅಡುಗೆಮನೆಯಲ್ಲಿ ನಾಲ್ಕು ನಂಟು

ಉಪ್ಪು: ಸೋಡಿಯಂ, ಕ್ಲೋರಿನ್ ಅಯಾನುಗಳು ವಿದ್ಯುದಾವೇಶದಿಂದ ಎಲ್ಲ ದಿಕ್ಕಿನಲ್ಲೂ ಸೆಳೆದು ಹಿಡಿದಿವೆ. ಕರಗಿಸಲು 801 ಡಿಗ್ರಿ ಬೇಕು. ಸುತ್ತಿಗೆಯಿಂದ ಬಡಿದರೆ ಸಾಲು ಸರಿದು, ಸಮಾನ ಆವೇಶಗಳು ಎದುರುಬದುರಾಗಿ ಹರಳು ಸೀಳುತ್ತದೆ.

ಕಬ್ಬಿಣದ ಕಾವಲಿ: ಎಲೆಕ್ಟ್ರಾನುಗಳು ಊರ ಕೆರೆಯ ನೀರಿನಂತೆ ಎಲ್ಲರಿಗೂ ಸೇರಿದವು. ಬಡಿದರೆ ತಗ್ಗುತ್ತದೆ, ಸೀಳುವುದಿಲ್ಲ; ಶಾಖವನ್ನು ಬೇಗ ಹರಡುತ್ತದೆ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ.

ಸಕ್ಕರೆ: ಅಣು ಅಣುವನ್ನು ಜಲಜನಕ ಬಂಧ ಹಿಡಿದಿದೆ. ನೀರು ಕೂಡ ಅದೇ ಬಂಧದ ಗಿರಾಕಿ, ಆದ್ದರಿಂದಲೇ ಪಾನಕ ಸಾಧ್ಯ.

ಎಣ್ಣೆ: ಅಣುಗಳ ನಡುವೆ ವಾನ್ ಡರ್ ವಾಲ್ಸ್ ಬಲವಷ್ಟೇ. ನೀರಿಗೆ ಹಿಡಿಯಲು ಕೊಂಡಿ ಸಿಗುವುದಿಲ್ಲ, ಬೆರೆಯುವುದಿಲ್ಲ.

ಒಂದು ಮೊಳೆ, ಎರಡು ಮೊಳೆ

ಡೊಂಕು ಬಂದದ್ದು ಎಲ್ಲಿಂದ? ಎರಡು ಪಟ್ಟಿಗಳನ್ನು ಒಂದೇ ಮೊಳೆ ಹೊಡೆದು ಸೇರಿಸಿ. ಬೇಕಾದ ಹಾಗೆ ತಿರುಗುತ್ತವೆ. ಎರಡು ಮೊಳೆ ಹೊಡೆದರೆ ತಿರುಗುವುದಿಲ್ಲ. ಇಂಗಾಲದ ಏಕಬಂಧ ಒಂದು ಮೊಳೆ, ದ್ವಿಬಂಧ ಎರಡು ಮೊಳೆ. ದ್ವಿಬಂಧ ಇದ್ದಲ್ಲಿ ಸರಪಳಿ ಯಾವ ಭಂಗಿಯಲ್ಲಿ ಸಿಕ್ಕಿಬಿದ್ದಿದೆಯೋ ಅಲ್ಲೇ ಉಳಿಯುತ್ತದೆ.

ಆ ಭಂಗಿಗಳು ಎರಡು. ಸರಪಳಿಯ ಎರಡು ತುಂಡುಗಳು ದ್ವಿಬಂಧದ ಒಂದೇ ಬದಿಗೆ ಬಂದರೆ ಮೊಣಕೈ ಮಡಿಸಿದಂಥ ಡೊಂಕು, ಇದು ಸಿಸ್. ಎದುರುಬದಿಗೆ ಹೋದರೆ ಸರಪಳಿ ಹೆಚ್ಚುಕಡಿಮೆ ನೇರ, ಇದು ಟ್ರಾನ್ಸ್. 1874ರಲ್ಲಿ ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿವೆ ಎಂದು ಕಿರುಹೊತ್ತಿಗೆಯೊಂದರಲ್ಲಿ ಹೇಳಿ, ಇಂಥ ಭಂಗಿಗಳಿಗೂ ಕಾರಣ ಕೊಟ್ಟವನು ಹಾಲೆಂಡಿನ ಯಾಕೋಬಸ್ ವಾಂಟ್ ಹಾಫ್. ಆಗ ಅವನಿಗೆ 22 ವರ್ಷ. ಕಾಗದದ ಮೇಲೆ ಚಪ್ಪಟೆಯಾಗಿದ್ದ ರಸಾಯನಶಾಸ್ತ್ರಕ್ಕೆ ಎತ್ತರ, ಆಳ ಬಂದದ್ದು ಅವನಿಂದ ಮತ್ತು ಅದೇ ವರ್ಷ ಅದೇ ದಾರಿ ಹಿಡಿದ ಫ್ರಾನ್ಸಿನ ಲೆ ಬೆಲ್‌ನಿಂದ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ವಾಂಟ್ ಹಾಫ್‌ಗೆ ಬಂತು, ಬೇರೊಂದು ಕೆಲಸಕ್ಕೆ.

ಈಗ ಒಂದು ಸಾಲು ಅಂಕಿಗಳನ್ನು ನಿಧಾನವಾಗಿ ಓದಿ. ನನಗೆ ಇದಕ್ಕಿಂತ ಸೊಗಸಾದ ಪಾಠ ರಸಾಯನಶಾಸ್ತ್ರದಲ್ಲಿ ಸಿಕ್ಕಿಲ್ಲ. ಎಲ್ಲವೂ 18 ಇಂಗಾಲದ ಸರಪಳಿಗಳೇ. ದ್ವಿಬಂಧವೇ ಇಲ್ಲದ ಸ್ಟಿಯರಿಕ್ 69 ಡಿಗ್ರಿಯಲ್ಲಿ ಕರಗುತ್ತದೆ. ಒಂದು ಸಿಸ್ ಡೊಂಕಿರುವ ಒಲಿಯಿಕ್ 13ರಲ್ಲಿ. ಎರಡು ಡೊಂಕಿನ ಲಿನೊಲಿಯಿಕ್ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಮೂರು ಡೊಂಕಿನ ಲಿನೊಲೆನಿಕ್ ಸೊನ್ನೆಗಿಂತ 11 ಡಿಗ್ರಿ ಕೆಳಗೆ.

ಸ್ಟಿಯರಿಕ್‌ನಿಂದ ಎರಡೇ ಎರಡು ಜಲಜನಕ ಪರಮಾಣು ಕಳೆದರೆ ಒಲಿಯಿಕ್. ಐವತ್ತಕ್ಕೂ ಹೆಚ್ಚು ಪರಮಾಣುಗಳ ಅಣುವಿನಲ್ಲಿ ಎರಡು ಹೋದದ್ದಕ್ಕೆ ಕರಗುವ ಬಿಂದು 50 ಡಿಗ್ರಿಗೂ ಹೆಚ್ಚು ಕುಸಿಯಿತು.

ಇನ್ನೂ ಬೆರಗಿನದ್ದು ಎಲೈಡಿಕ್ ಆಮ್ಲ. ಒಲಿಯಿಕ್‌ನಲ್ಲಿ 18 ಇಂಗಾಲ, 34 ಜಲಜನಕ, 2 ಆಮ್ಲಜನಕ. ಎಲೈಡಿಕ್‌ನಲ್ಲೂ 18, 34, 2. ದ್ವಿಬಂಧ ಇರುವ ಜಾಗವೂ ಅದೇ. ಆದರೆ ಅದು ಟ್ರಾನ್ಸ್, ನೇರ. ಒಲಿಯಿಕ್ 13ರಲ್ಲಿ ಕರಗಿದರೆ ಎಲೈಡಿಕ್‌ಗೆ ಸುಮಾರು 45 ಡಿಗ್ರಿ ಬೇಕು. ಒಂದು ಪರಮಾಣು ಕೂಡಿಲ್ಲ, ಒಂದು ಕಳೆದಿಲ್ಲ. ಒಂದು ತಿರುವು ಬದಲಾದದ್ದಕ್ಕೆ ಎಣ್ಣೆ ಮೇಣವಾಯಿತು. 19ನೇ ಶತಮಾನದ ಫ್ರಾನ್ಸಿನಲ್ಲಿ ಆಲಿವ್ ಎಣ್ಣೆಯ ಕಲಬೆರಕೆ ಪತ್ತೆಗೆ ಪಾದರಸದ ನೈಟ್ರೇಟ್ ದ್ರಾವಣ ಹಾಕಿ ಗಟ್ಟಿಯಾಗುತ್ತದೆಯೇ ಎಂದು ನೋಡುತ್ತಿದ್ದರು. ಅಲ್ಲಿ ನಡೆಯುತ್ತಿದ್ದದ್ದು ಇದೇ ಸಿಸ್-ಟ್ರಾನ್ಸ್ ಮಗ್ಗುಲು ಬದಲಾವಣೆ.

ಹಳದಿ ಡಬ್ಬಿಯ ಪಾಠ

ಡೊಂಕನ್ನು ಬೇಕೆಂದಾಗ ನೆಟ್ಟಗೆ ಮಾಡಲು ಬಂದರೆ? ಅಗ್ಗದ ಎಣ್ಣೆಯನ್ನು ತುಪ್ಪದ ಹಾಗೆ ಗಟ್ಟಿ ಮಾಡಬಹುದು.

ದಾರಿ ತೋರಿಸಿದವನು ಫ್ರಾನ್ಸಿನ ತುಲೂಸ್ ನಗರದ ಪಾಲ್ ಸಬಾತಿಯೆ. ನಿಕ್ಕಲ್ ಪುಡಿಯ ಮೇಲೆ ಜಲಜನಕ ಹಾಯಿಸಿ ದ್ವಿಬಂಧಗಳನ್ನು ಮುಚ್ಚುವ ವಿದ್ಯೆಗೆ ಅವನಿಗೆ 1912ರಲ್ಲಿ ನೊಬೆಲ್ ಬಂತು. ಅದನ್ನು ದ್ರವ ಎಣ್ಣೆಗೆ ಅಳವಡಿಸಿ 1902ರಲ್ಲಿ ಪೇಟೆಂಟ್ ಪಡೆದವನು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್. ನಮ್ಮ ದೇಶಕ್ಕೆ ಅದು ವನಸ್ಪತಿಯಾಗಿ ಬಂತು. 1937ರಲ್ಲಿ ಡಾಲ್ಡಾ ಮಾರುಕಟ್ಟೆಗಿಳಿಯಿತು.

ಆ ಹಳದಿ ಡಬ್ಬಿ, ಅದರ ಮೇಲಿನ ಹಸಿರು ಮರ ಒಂದು ತಲೆಮಾರಿನ ಕಣ್ಣಲ್ಲಿ ಅಚ್ಚೊತ್ತಿದೆ. ಮದುವೆ ಮನೆಯ ಅಡುಗೆಭಟ್ಟರ ಸಾಮಾನಿನ ಪಟ್ಟಿಯಲ್ಲಿ ಅದು ಇದ್ದೇ ಇರುತ್ತಿತ್ತು. ಖಾಲಿಯಾದ ಮೇಲೆ ನಮ್ಮ ಅಂಗಳದಲ್ಲಿ ತುಳಸಿ, ಗುಲಾಬಿಗೆ ಕುಂಡವಾಗುತ್ತಿತ್ತು. ತುಪ್ಪ ಕೊಳ್ಳಲಾಗದ ಮನೆಗಳಿಗೂ ಹಬ್ಬದ ಸಿಹಿ ತಲುಪಿಸಿದ ವಸ್ತು ಎಂಬುದನ್ನು ಮರೆಯಬಾರದು.

ತೊಡಕು ಇದ್ದದ್ದು ನಿಕ್ಕಲ್‌ನ ಮೈಮೇಲೆ. ದ್ವಿಬಂಧ ಅಲ್ಲಿ ತೆರೆದುಕೊಳ್ಳುತ್ತದೆ, ಜಲಜನಕ ಬಂದು ಸೇರಿದರೆ ಸರಪಳಿ ನೇರವಾಗುತ್ತದೆ. ಅರ್ಧಕ್ಕೆ ನಿಂತು ದ್ವಿಬಂಧ ಮತ್ತೆ ಮುಚ್ಚಿಕೊಂಡರೆ, ಮುಚ್ಚುವಾಗ ಮಗ್ಗುಲು ಬದಲಾಗಬಹುದು. ಸಿಸ್ ಆಗಿ ಹೋದದ್ದು ಟ್ರಾನ್ಸ್ ಆಗಿ ಹೊರಬರುತ್ತದೆ. ತಯಾರಕರಿಗೆ ಇದರಿಂದ ತೊಂದರೆಯೇನೂ ಕಾಣಲಿಲ್ಲ, ಟ್ರಾನ್ಸ್ ಕೂಡ ನೇರ, ಕೊಬ್ಬು ಗಟ್ಟಿಯಾಗಲು ಅದೂ ನೆರವಾಯಿತು.

ದೇಹಕ್ಕೆ ಅದರ ಲೆಕ್ಕ ಬೇರೆ ಇತ್ತು. 1990ರಲ್ಲಿ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ಪ್ರಕಟಿಸಿದ ಅಧ್ಯಯನ, ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು ತೋರಿಸಿತು. 2003ರಲ್ಲಿ ಡೆನ್ಮಾರ್ಕ್ ಮೊದಲು ಕಾನೂನಿನ ಮಿತಿ ಹಾಕಿತು. ಭಾರತದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರಬಾರದು ಎಂಬ ಮಿತಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ನಾರ್ಮನ್‌ನ ಪೇಟೆಂಟಿನಿಂದ ಇಲ್ಲಿಯವರೆಗೆ 120 ವರ್ಷ. ಅಣುವಿನ ಒಂದು ತಿರುವನ್ನು ಗಂಭೀರವಾಗಿ ತೆಗೆದುಕೊಳ್ಳಲು ಇಷ್ಟು ಕಾಲ ಹಿಡಿದದ್ದು ನನ್ನನ್ನು ಈಗಲೂ ಕಲಕುತ್ತದೆ. ಆ ನಡುವೆ ಎಷ್ಟು ತಟ್ಟೆಗಳಿಗೆ ಅದು ಬಡಿಸಲ್ಪಟ್ಟಿತೋ.

ಹಸು, ಮೀನು, ಹಿಮಸಾರಂಗ

ಈ ಡೊಂಕಿನ ವಿದ್ಯೆಯನ್ನು ಜೀವಜಗತ್ತು ನಮಗಿಂತ ಎಷ್ಟೋ ಮೊದಲೇ ಕಲಿತಿದೆ.

ಜೀವಕೋಶದ ಪೊರೆ ಕೊಬ್ಬಿನ ಸರಪಳಿಗಳಿಂದಲೇ ಆದದ್ದು. ಅದು ತೀರಾ ಗಟ್ಟಿಯಾದರೆ ಒಳಹೊರಗಿನ ವ್ಯವಹಾರ ನಿಲ್ಲುತ್ತದೆ, ತೀರಾ ಸಡಿಲವಾದರೆ ಸೋರುತ್ತದೆ. ತಣ್ಣೀರಿನ ಮೀನುಗಳು ತಮ್ಮ ಪೊರೆಯಲ್ಲಿ ಡೊಂಕು ಸರಪಳಿಗಳನ್ನು ಹೆಚ್ಚಿಟ್ಟುಕೊಳ್ಳುತ್ತವೆ. ಹಿಮದ ಮೇಲೆ ನಿಲ್ಲುವ ಹಿಮಸಾರಂಗದ ಕಾಲಿನಲ್ಲಿ ಗೊರಸಿನ ಹತ್ತಿರದ ಕೊಬ್ಬು ಮೈಯ ಕೊಬ್ಬಿಗಿಂತ ಕಡಿಮೆ ಉಷ್ಣತೆಯಲ್ಲಿ ಕರಗುವಂಥದ್ದು. ಸೂರ್ಯಕಾಂತಿ ಕೂಡ ತಂಪು ಹವೆಯಲ್ಲಿ ಕಾಳು ಕಟ್ಟಿದರೆ ಎಣ್ಣೆಯಲ್ಲಿ ಲಿನೊಲಿಯಿಕ್ ಹೆಚ್ಚು. ಬೆಚ್ಚಗಿನ ಕಡಲತೀರದ ತೆಂಗಿಗೆ ಆ ಚಿಂತೆಯಿಲ್ಲ. ಅದರ ಎಣ್ಣೆ ಮರದ ಮೇಲೆ ಹೆಪ್ಪುಗಟ್ಟುವ ಸಂದರ್ಭ ಬರುವುದು ಅಪರೂಪ.

ಹಸುವಿನ ವಿಷಯ ಇನ್ನೂ ಚೆಂದ. ಹಸಿಹುಲ್ಲಿನ ಕೊಬ್ಬು ಹೆಚ್ಚಾಗಿ ಮೂರು ಡೊಂಕಿನ ಲಿನೊಲೆನಿಕ್. ಅದನ್ನು ತಿಂದ ಹಸುವಿನ ತುಪ್ಪ ಚಳಿಗೆ ಗಟ್ಟಿಯಾಗುವುದು ಹೇಗೆ? ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ದ್ವಿಬಂಧಗಳಿಗೆ ಜಲಜನಕ ಸೇರಿಸಿ ನೆಟ್ಟಗಾಗಿಸುತ್ತವೆ. ಸಬಾತಿಯೆ ನಿಕ್ಕಲ್ ಪುಡಿಯಿಂದ ಮಾಡಿದ್ದನ್ನು ಅವು ಮೈಬಿಸಿಯಲ್ಲೇ ಮಾಡುತ್ತ ಬಂದಿವೆ. ಅಲ್ಲೂ ಸ್ವಲ್ಪ ಟ್ರಾನ್ಸ್ ಉಳಿಯುತ್ತದೆ, ತುಪ್ಪದಲ್ಲಿ ಸಹಜವಾಗಿ ಇರುವುದು ಅದೇ.

ತುಪ್ಪದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮಜ್ಜಿ ಬೆಣ್ಣೆ ಕಾಯಿಸಿ ಇಳಿಸಿದ ಮೇಲೆ ಪಾತ್ರೆಯನ್ನು ಅಲುಗಿಸಲು ಬಿಡುತ್ತಿರಲಿಲ್ಲ. "ತಾನಾಗಿ ಆರಲಿ, ಹರಳು ಬರ್ತದೆ." ನಿಧಾನ ಆರಿದರೆ ಹರಳಿನ ಬೀಜಗಳು ಕೆಲವೇ ಹುಟ್ಟುತ್ತವೆ, ಸುತ್ತಲಿನ ಅಣುಗಳೆಲ್ಲ ಅವಕ್ಕೇ ಸೇರಿ ಕಾಳು ದಪ್ಪಗಾಗುತ್ತದೆ. ತಟ್ಟನೆ ತಣಿಸಿದರೆ ಅಸಂಖ್ಯ ಸಣ್ಣ ಹರಳು, ತುಪ್ಪ ನುಣ್ಣಗಿನ ಮುಲಾಮು. ವಸ್ತು ಅದೇ, ರಚನೆ ಬೇರೆ. ನಾಲಿಗೆಗೆ ಅದು ಗೊತ್ತಾಗುತ್ತದೆ.

ಮುರುಗಲಿನಿಂದ ಚಾಕೊಲೇಟಿಗೆ

ಪಶ್ಚಿಮ ಘಟ್ಟದ ಮನೆಗಳಲ್ಲಿ ಇನ್ನೊಂದು ತುಪ್ಪವಿದೆ. ಮುರುಗಲು ಹಣ್ಣಿನ ಬೀಜದಿಂದ ತೆಗೆದದ್ದು. ಕರಾವಳಿಯಲ್ಲಿ ಪುನರ್ಪುಳಿ ಎಂದರೆ ಬೇಗ ಗುರುತು ಸಿಗುತ್ತದೆ. ಬೀಜ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಉಂಡೆ ಕಟ್ಟಿಡುತ್ತಾರೆ. ಬೇಸಿಗೆಯಲ್ಲೂ ಅದು ಗಟ್ಟಿ, ಸುಮಾರು 40 ಡಿಗ್ರಿ ಬಂದರೇ ಕರಗುವುದು. ಹಿಮ್ಮಡಿ ಒಡೆದರೆ ಉಂಡೆಯನ್ನು ಬೆಂಕಿಗೆ ಹಿಡಿದು, ಜಿನುಗಿದ್ದನ್ನು ಬಿರುಕಿಗೆ ತುಂಬುವುದು. ಚರ್ಮಕ್ಕೆ ತಾಗಿ ಆರುತ್ತಲೇ ಗಟ್ಟಿಯಾಗಿ ಅಲ್ಲೇ ಕೂರುತ್ತದೆ.

ಇದರ ಅಣುವಿನ ಮೂರು ಹಲ್ಲುಗಳಲ್ಲಿ ಹೆಚ್ಚಾಗಿ ಆಚೀಚಿನ ಎರಡು ನೇರ ಸ್ಟಿಯರಿಕ್, ನಡುವಿನದು ಡೊಂಕು ಒಲಿಯಿಕ್. ಕೊಕೊ ಬೆಣ್ಣೆಯ ಕಟ್ಟಡವೂ ಇದೇ ಮಾದರಿ. ಈ ಹೋಲಿಕೆ ಎಷ್ಟು ಹತ್ತಿರದ್ದೆಂದರೆ, ಚಾಕೊಲೇಟಿನಲ್ಲಿ ಕೊಕೊ ಬೆಣ್ಣೆಯ ಜೊತೆಗೆ ಸೇರಿಸಲು ಐರೋಪ್ಯ ಒಕ್ಕೂಟ 2000ದಲ್ಲಿ ಹೊರಡಿಸಿದ ನಿಯಮದಲ್ಲಿ ಒಪ್ಪಿದ ಆರೇ ಸಸ್ಯಕೊಬ್ಬುಗಳ ಪಟ್ಟಿಯಲ್ಲಿ ನಮ್ಮ ಮುರುಗಲೂ ಇದೆ.

ಕೊಕೊ ಬೆಣ್ಣೆಯ ಅಣುಗಳು ಆರು ಬೇರೆ ಬೇರೆ ರೀತಿಯಲ್ಲಿ ಒಟ್ಟಿಕೊಳ್ಳಬಲ್ಲವು. ಆರಕ್ಕೂ ಕರಗುವ ಬಿಂದು ಬೇರೆ. ಐದನೆಯ ಜೋಡಣೆ ಮಾತ್ರ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ: ಕೈಯಲ್ಲಿ ಗಟ್ಟಿ, ಮುರಿದರೆ ಟಕ್ ಎಂಬ ಸದ್ದು, ಬಾಯಲ್ಲಿಟ್ಟರೆ ನೀರು. ಚಾಕೊಲೇಟ್ ಮಾಡುವವರು ಕರಗಿದ್ದನ್ನು ತಣಿಸಿ, ಮತ್ತೆ ತುಸು ಬಿಸಿ ಮಾಡಿ, ಬೇಡದ ಹರಳುಗಳನ್ನು ಕರಗಿಸಿ ಐದನೆಯದನ್ನೇ ಬೆಳೆಸುತ್ತಾರೆ. ಅಡಿಕೆ ತೋಟದ ನೆರಳಲ್ಲಿ ಕೊಕೊ ಬೆಳೆಯುವ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ, 1986ರಿಂದ ನಡೆಯುತ್ತಿರುವ ಕ್ಯಾಂಪ್ಕೊ ಕಾರ್ಖಾನೆಯಲ್ಲೂ ಚಾಕೊಲೇಟು ಈ ಹರಳಿನ ನಿಯಮಕ್ಕೆ ತಲೆಬಾಗಲೇಬೇಕು.

ಏಪ್ರಿಲ್ ಬಿಸಿಲಲ್ಲಿ ಕಾರಿನಲ್ಲಿ ಬಿಟ್ಟ ಚಾಕೊಲೇಟ್ ಮೆತ್ತಗಾಗಿ, ಫ್ರಿಜ್ಜಿಗೆ ಹೋಗಿ, ಎರಡು ದಿನ ಬಿಟ್ಟು ತೆಗೆದರೆ ಮೈಮೇಲೆ ಬೂದಿ ಬಡಿದ ಹಾಗೆ ಬಿಳಿಚು. ಎಷ್ಟೋ ಜನ ಬೂಷ್ಟು ಎಂದು ಎಸೆಯುತ್ತಾರೆ. ಅದು ಬೂಷ್ಟಲ್ಲ, ಜೋಡಣೆ ತಪ್ಪಿ ಮೇಲೆ ಬಂದ ಕೊಕೊ ಬೆಣ್ಣೆಯ ಹರಳು. ತಿನ್ನಬಹುದು. ಟಕ್ ಸದ್ದು ಮಾತ್ರ ಹೋಗಿರುತ್ತದೆ.

ಅಗಸೆಯ ಬಾಗಿಲು

ಡೊಂಕಿನಿಂದ ಲಾಭ ಮಾತ್ರವೇ ಇದೆಯೇ? ಇಲ್ಲ. ದ್ವಿಬಂಧದ ಪಕ್ಕದ ಜಾಗ ಆಮ್ಲಜನಕಕ್ಕೆ ತೆರೆದ ಬಾಗಿಲು. ಹಳೆ ಎಣ್ಣೆಗೆ, ಡಬ್ಬಿಯ ತಳದ ಚಕ್ಕುಲಿಗೆ ಬರುವ ಕಮಟು ವಾಸನೆ ಆ ಬಾಗಿಲಿನಿಂದ ಹೊಕ್ಕ ಗಾಳಿಯ ಕೆಲಸ. ಕೊಬ್ಬರಿ ಎಣ್ಣೆಗೆ ಅಂಥ ಬಾಗಿಲು ಕಡಿಮೆ.

ಅಗಸೆ ಎಣ್ಣೆಯಲ್ಲಿ ಬಾಗಿಲುಗಳೇ ಹೆಚ್ಚು. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ಅಗಸಿ ಹಿಂಡಿಯಾಗುವ ಆ ಬೀಜದ ಎಣ್ಣೆಯನ್ನು ಮರಕ್ಕೆ ಸವರಿ ಬಿಟ್ಟರೆ ಕೆಲವೇ ದಿನಗಳಲ್ಲಿ ತೆಳು ಗಟ್ಟಿ ಪೊರೆಯಾಗುತ್ತದೆ. ಇದು ಒಣಗುವುದಲ್ಲ, ಏನೂ ಆವಿಯಾಗಿ ಹೋಗಿಲ್ಲ. ಆಮ್ಲಜನಕ ಒಳಹೊಕ್ಕು ಒಂದು ಸರಪಳಿಯನ್ನು ಪಕ್ಕದ ಸರಪಳಿಗೆ ಹೆಣೆದುಬಿಡುತ್ತದೆ, ಈ ಬಾರಿ ಗಟ್ಟಿ ಸಹವೇಲೆನ್ಸೀಯ ಗಂಟಿನಿಂದ. ಕೊಬ್ಬರಿ ಎಣ್ಣೆಯ ಬಿಳಿ ಗಟ್ಟಿ ಬಿಸಿಗೆ ಕರಗುತ್ತದೆ. ಅಗಸೆಯ ಪೊರೆ ಎಷ್ಟು ಕಾಯಿಸಿದರೂ ಮತ್ತೆ ಎಣ್ಣೆಯಾಗುವುದಿಲ್ಲ. ಚಿತ್ರಕಾರರ ತೈಲವರ್ಣ ಶತಮಾನಗಳ ಕಾಲ ಉಳಿದದ್ದೂ, ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರುವುದೂ ಈ ಗಂಟಿನ ನಂಬಿಕೆಯಿಂದ. ಈ ಕ್ರಿಯೆ ಶಾಖ ಹುಟ್ಟಿಸುತ್ತದೆ. ಬ್ಯಾಟ್ ಒರೆಸಿದ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿ ಹೊತ್ತಿಕೊಂಡೀತು. ಹರಡಿ ಒಣಹಾಕಿ.

ಬಾಕ್ಸ್: ಡೊಂಕು ಎಣಿಸುವುದು ಹೇಗೆ?

ಅಯೋಡಿನ್ ದ್ವಿಬಂಧಕ್ಕೆ ಹೋಗಿ ಸೇರುತ್ತದೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬುದೇ ಅಯೋಡಿನ್ ಸಂಖ್ಯೆ. ಕೊಬ್ಬರಿ ಎಣ್ಣೆಗೆ ಇದು 10ರ ಒಳಗೆ, ಶೇಂಗಾಕ್ಕೆ 90ರ ಆಸುಪಾಸು, ಅಗಸೆಗೆ 170ಕ್ಕೂ ಮೇಲೆ.

ಬೆಳಕಿನಿಂದಲೂ ಎಣಿಸಬಹುದು. 1928ರ ಫೆಬ್ರುವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮವೇ ಇಲ್ಲಿ ಉಪಕರಣ. ಅಣುವಿನ ಬಂಧಗಳು ಕಂಪಿಸುವ ಲಯಕ್ಕೆ ತಕ್ಕಂತೆ ಚದುರಿದ ಬೆಳಕಿನ ಬಣ್ಣ ಬದಲಾಗುತ್ತದೆ. ಎಣ್ಣೆಯ ಸಿಸ್ ದ್ವಿಬಂಧದ ಗೆರೆ ಪ್ರತಿ ಸೆಂಟಿಮೀಟರಿಗೆ 1655ರ ಸುಮಾರಿಗೆ ಬಿದ್ದರೆ, ಟ್ರಾನ್ಸ್ ಗೆರೆ 1670ರ ಹತ್ತಿರ. ಬಾಟಲಿ ತೆರೆಯದೆಯೇ ಡೊಂಕೋ ನೆಟ್ಟಗೋ ಹೇಳಬಹುದು.

ಚಿಕ್ಕಮ್ಮನ ಲೋಟ

ಚಿಕ್ಕಮ್ಮನಿಗೆ ನಾನು ಹೇಳಿದ್ದು ಇಷ್ಟು. ಜನವರಿಯ ಬೆಂಗಳೂರಿನಲ್ಲಿ ಹೊರಗೆ ಬೆಳಗ್ಗೆ 15-16 ಡಿಗ್ರಿ ಇದ್ದರೂ, ನಿಮ್ಮ ಫ್ಲ್ಯಾಟಿನ ಅಡುಗೆಮನೆ ಒಲೆ, ಫ್ರಿಜ್ಜುಗಳ ಬಿಸಿಗೆ 24ರ ಮೇಲೇ ಇರಬಹುದು. ಮೇಲಾಗಿ, ಹರಳಿಗೆ ಬೀಜ ಸಿಗದಿದ್ದರೆ ಎಣ್ಣೆ ಕರಗುವ ಬಿಂದುವಿಗಿಂತ ಕೆಳಗೂ ಕೆಲಕಾಲ ದ್ರವವಾಗಿಯೇ ಕಾಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೇ ಮನೆಮಂದಿಗೆ ಹೇಳಿಕೊಟ್ಟ ಪರೀಕ್ಷೆಯೊಂದಿದೆ: ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ, ಫ್ರೀಜರಿನಲ್ಲಿ ಬೇಡ. ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಬೇರೆ ಪದರವಾಗಿ ನಿಲ್ಲುತ್ತದೆ.

ಒಂದು ಗಂಟೆ ಬಿಟ್ಟು ಫೋನ್ ಬಂತು. "ಪೂರ್ತಿ ಬೆಳ್ಳಗಾಗಿದೆ ಕಣೋ, ಪದರಗಿದರ ಏನೂ ಇಲ್ಲ. ಹಾಗಾದ್ರೆ ಅಪ್ಪಟ ತಾನೆ?"

ಅಷ್ಟು ಬೇಗ ಹೂಂ ಎನ್ನಲು ನನಗೆ ಆಗಲಿಲ್ಲ. ಪಾಮ್ ಹಣ್ಣಿನ ಬೀಜದೊಳಗಿನ ತಿರುಳಿನಿಂದ ತೆಗೆದ ಎಣ್ಣೆಯಲ್ಲೂ ಲಾರಿಕ್ ಆಮ್ಲವೇ ಪ್ರಧಾನ. ಅದರ ಸರಪಳಿಗಳೂ ನೇರ, ಗಿಡ್ಡ. ಅದು ಬೆರೆತಿದ್ದರೆ ಫ್ರಿಜ್ಜಿನಲ್ಲಿ ಅದೂ ಜೊತೆಗೇ ಬೆಳ್ಳಗೆ ಕೂರುತ್ತದೆ. ಆಗ ಗುರುತು ಹಿಡಿಯುವುದು ಪ್ರಯೋಗಾಲಯದ ಅಯೋಡಿನ್ ಸಂಖ್ಯೆ: ಪಾಮ್ ತಿರುಳಿನ ಎಣ್ಣೆಯದು 14ರಿಂದ 21ರವರೆಗೆ.

"ಶೇಂಗಾ, ಸೂರ್ಯಕಾಂತಿ ಹೆಚ್ಚೇನೂ ಬೆರೆಸಿಲ್ಲ ಅನ್ನೋದಂತೂ ಹೌದು ಚಿಕ್ಕಮ್ಮ," ಎಂದೆ. "ಈಗ ಆ ಲೋಟ ನೋಡಿ. ಮಧ್ಯದಲ್ಲಿ ಗುಳಿ ಬಿದ್ದಿದೆಯಾ?"

ಆ ಕಡೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದು. ಒಂದು ಕ್ಷಣ ಮೌನ.

"ಹೌದಲ್ಲೋ! ನಿಮ್ಮಜ್ಜಿ ಬಾಟಲಿಯಲ್ಲಿ ಬೀಳ್ತಿತ್ತಲ್ಲ, ಹಾಗೇ ಇದೆ."